ತಲೆಬುಡವಿಲ್ಲದ ಮಣೆ

ನಮ್ಮ ಮನೆಯ ಚಾವಡಿಯಲ್ಲಿ, ಚಪ್ಪಲಿ ಗೂಡಿಗೂ ಇನ್ವರ್ಟರಿಗೂ ನಡುವೆ, ಗೋಡೆಗೆ ಒರಗಿಕೊಂಡು ಒಂದು ಹಲಗೆ ನಿಂತಿದೆ. ನೀಲಿ ಮೈ, ಕಿತ್ತಳೆ ಅಂಚು. ಎರಡು ತುದಿಗಳೂ ತುಸು ಮೇಲಕ್ಕೆ ಬಾಗಿವೆ. ನಡುವೆ ಪಾದ ತೂರಿಸಲು ಎರಡು ಪಟ್ಟಿ. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನ ಹೊಟ್ಟೆಯನ್ನು ನೋಡುತ್ತಾರೆ, ಆಮೇಲೆ ಸಭ್ಯತೆಯಿಂದ ಸೆಕೆಯ ವಿಷಯ ತೆಗೆಯುತ್ತಾರೆ. ಸಿಲಿಂಡರ್ ತರುವವನಿಗೆ ಮಾತ್ರ ಅಷ್ಟು ಸಭ್ಯತೆ ಇಲ್ಲ. "ಇದೆಂತ ಸರ್, ಇಸ್ತ್ರಿ ಮೇಜಿನ ಕಾಲು ಮುರಿದದ್ದಾ?" ಎಂದು ಕೇಳಿದ. ಹೌದು ಎಂದೆ. ವಿವರಿಸುವುದಕ್ಕಿಂತ ಅದು ಸುಲಭ.

ವಿವರಿಸುವುದಾದರೆ ಇಷ್ಟು: ಸಮುದ್ರದ ಮೇಲೆ ದೊಡ್ಡದೊಂದು ಗಾಳಿಪಟ ಹಾರಿಸಿ, ಅದರ ಹಗ್ಗವನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು, ಇಂಥ ಹಲಗೆಯ ಮೇಲೆ ನಿಂತರೆ ನೀರಿನ ಮೇಲೆ ಜಾರುತ್ತಾ ಹೋಗಬಹುದು. ಕೈಟ್ ಸರ್ಫಿಂಗ್ ಎನ್ನುತ್ತಾರೆ. ನಾನಿರುವುದು ಕಾರ್ಕಳದಲ್ಲಿ. ಇಲ್ಲಿ ಬಂಡೆ ಉಂಟು, ಕೆರೆ ಉಂಟು, ಬೇಕಾದಷ್ಟು ಸಜ್ಜನರು ಇದ್ದಾರೆ, ಸಮುದ್ರ ಒಂದಿಲ್ಲ.

ಸರಿಯಾಗಿ ನೋಡಿದರೆ ಹಲಗೆಯ ನಟ್ಟನಡುವೆ ಅಡ್ಡಕ್ಕೆ ಒಂದು ಬಿರುಕು ಕಾಣುತ್ತದೆ. ಅದು ಅಲೆಗೆ ಬಡಿದು ಆದದ್ದಲ್ಲ. ಅದನ್ನು ಮಾಡಿದವರು ಇಬ್ಬರು: ನಾನು ಮತ್ತು ಸುಧಾಕರ. ಆ ಬಿರುಕಿಗೆ ಹೋಗಬೇಕಾದರೆ ನೀವು ಮೊದಲು ನನ್ನ ಅಜ್ಜಿಯ ಮಣೆಗಳ ಮೇಲೆ ಒಂದು ಗಳಿಗೆ ಕೂರಬೇಕು.

ಅಜ್ಜನ ಮನೆ ಕಾಪುವಿನಲ್ಲಿ, ಹೆದ್ದಾರಿಯಿಂದ ಸ್ವಲ್ಪ ಮೂಡಕ್ಕೆ. ಅಜ್ಜ ದೇವಸ್ಥಾನದ ಅರ್ಚಕರು. ನಾನು ಅಲ್ಲೇ ಇದ್ದು ಶಾಲೆಗೆ ಹೋದವನು. ಮನೆಮಾತು ತುಳು, ಆದರೆ ಬೈಯುವಾಗ ಮಾತ್ರ ಅಜ್ಜಿ ಕನ್ನಡಕ್ಕೆ ಬರುತ್ತಿದ್ದಳು, ಬೈಗುಳಕ್ಕೆ ಒಂದು ಮರ್ಯಾದೆ ಇರಲಿ ಎಂದು. ಹಾಗಾಗಿ ನನ್ನ ಕನ್ನಡ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ, ಬಾಲ್ಯದಲ್ಲಿ ನಾನು ಎಷ್ಟು ಬೈಸಿಕೊಂಡಿರಬಹುದು ಎಂದು ನೀವೇ ಲೆಕ್ಕ ಹಾಕಿ.

ಊಟದ ಮನೆಯ ಗೋಡೆಗೆ ಸಾಲಾಗಿ ಹಲಸಿನ ಮರದ ಮಣೆಗಳು ಒರಗಿರುತ್ತಿದ್ದವು. ಯಾರಿಗೆ ಯಾವ ಮಣೆ ಎನ್ನುವುದು ಅಜ್ಜಿಯ ಇಲಾಖೆ. ತಂತ್ರಿಗಳು ಬಂದರೆ ಹಿತ್ತಾಳೆ ಮೊಳೆಯ ದೊಡ್ಡ ಮಣೆ. ಹಿರಿಯ ಅಳಿಯನಿಗೆ ಅದಕ್ಕಿಂತ ಒಂದು ಬೆರಳು ಸಣ್ಣದು, ಕಿರಿಯ ಅಳಿಯನಿಗೆ ಇನ್ನೂ ಒಂದು ಬೆರಳು. ವಿಮೆ ಮಾಡಿಸುವವರು ಬಂದರೆ ಒಂದು ಕಾಲು ಕುಂಟುವ ಮಣೆ. ಬೇಗ ಏಳಲಿ ಎಂದು. ಬಂದವರ ಮುಖವನ್ನೂ ಸೊಂಟವನ್ನೂ ಒಂದೇ ನೋಟದಲ್ಲಿ ಅಳೆದು ಮಣೆ ಹಾಕುವ ಆ ವಿದ್ಯೆ ಮನೆಯಲ್ಲಿ ಬೇರೆ ಯಾರಿಗೂ ಬರಲಿಲ್ಲ.

ಮಣೆಗೆ ತಲೆ ಉಂಟು, ಬುಡ ಉಂಟು ಎನ್ನುವುದು ಅಜ್ಜಿಯ ಸಿದ್ಧಾಂತ. ಮರ ನಿಂತಿದ್ದಾಗ ಆಕಾಶದ ಕಡೆಗಿದ್ದದ್ದು ತಲೆ, ನೆಲದ ಕಡೆಗಿದ್ದದ್ದು ಬುಡ. ಮರದ ಗೆರೆ ನೋಡಿ ಹೇಳುತ್ತಿದ್ದಳು. ಉಣ್ಣುವವನ ಬಲಗೈಯ ಕಡೆಗೆ ತಲೆ ಬರಬೇಕು. ನಾವು ಮಕ್ಕಳು ಅದಲುಬದಲು ಹಾಕಿದರೆ, "ತಲೆಬುಡ ನೋಡಿ ಹಾಕು, ನಿನಗಂತೂ ಎರಡೂ ಇಲ್ಲ" ಎನ್ನುತ್ತಿದ್ದಳು. ಈ ವಿದ್ಯೆಯನ್ನು ನಾನು ಶಾಲೆಯಲ್ಲಿ ಬಹಳ ಜಂಬದಿಂದ ಪ್ರಚಾರ ಮಾಡಿದ್ದೆ. ಕೇಳಿದವರಲ್ಲಿ ಸುಧಾಕರನೂ ಒಬ್ಬ. ಅವನ ಅಪ್ಪ ದೋಣಿಯವರು. ಮನೆ ಹೆದ್ದಾರಿಯಿಂದ ಪಡುವಕ್ಕೆ, ಅಲೆಯ ಸದ್ದು ಕೇಳುವಷ್ಟು ಹತ್ತಿರ.

ಆರನೇ ತರಗತಿಯಲ್ಲಿದ್ದಾಗ ಒಂದು ಶನಿವಾರ ಅವನು ನನ್ನ ಕಂಪಾಸ್ ಪೆಟ್ಟಿಗೆ ಹಿಂದೆ ಕೊಡಲಿಕ್ಕೆ ಮನೆಗೆ ಬಂದ. ಅಜ್ಜಿ ದೋಸೆ ಹುಯ್ಯುತ್ತಿದ್ದಳು. "ತಿಂದು ಹೋಗು ಮಗಾ" ಎಂದಳು. ಅವನು ಸಂಕೋಚದವನಲ್ಲ. ನೇರ ಒಳಗೆ ಬಂದು ಗೋಡೆಗೆ ಒರಗಿದ್ದ ಒಂದು ಮಣೆ ಎತ್ತಿಕೊಂಡು, ಅದರ ಗೆರೆ ನೋಡುತ್ತಾ, "ಅಜ್ಜಿ, ಇದರ ತಲೆ ಯಾವ ಕಡೆ?" ಎಂದು ಕೇಳಿದ. ಅಜ್ಜಿ ಸಿಟ್ಟಾಗಲಿಲ್ಲ. ಮೆಲ್ಲನೆ ಅವನ ಕೈಯಿಂದ ಮಣೆ ತೆಗೆದುಕೊಂಡಳು. ನಗುತ್ತಲೇ ಜಗಲಿಯ ಕಡೆ ಬಾಳೆಲೆಯ ತುಂಡು ಚಾಚಿ, "ನೀನು ಅಲ್ಲಿ ಕೂತ್ಕೋ ಮಗಾ, ಗಾಳಿ ಚೆನ್ನಾಗಿ ಬರ್ತದೆ" ಎಂದಳು.

ಅವನು ಜಗಲಿಯ ನೆಲದಲ್ಲಿ ಕೂತು ಎರಡು ದೋಸೆ ತಿಂದ. ನಾನು ಒಳಗೆ ನನ್ನ ಮಣೆಯ ಮೇಲೆ ಕೂತು ನಾಲ್ಕು ತಿಂದೆ. ಬೆಲ್ಲ ಹೆಚ್ಚು ಹಾಕಿ ಎಂದು ಕೇಳಿದ್ದು ನೆನಪಿದೆ. ಬೇರೆ ಏನೂ ಕೇಳಲಿಲ್ಲ. ಅಜ್ಜಿಯಿಂದ ನನಗೆ ಅಷ್ಟೆಲ್ಲ ಮಾತು ಬಂದಿತ್ತು, ಆಡಬೇಕಾದ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಅದಾದ ಮೇಲೆ ಸುಧಾಕರ ಶಾಲೆಯಲ್ಲಿ ಮಾತಾಡಿದ, ಬಸ್‌ಸ್ಟ್ಯಾಂಡಿನಲ್ಲಿ ಮಾತಾಡಿದ, ಮನೆಗೆ ಮಾತ್ರ ಬರಲಿಲ್ಲ. ನನ್ನ ಮದುವೆಗೆ ಕರೆದೆ, ಕಾರ್ಕಳದ ಹೊಸ ಮನೆಯ ಒಕ್ಕಲಿಗೆ ಕರೆದೆ. "ಆ ದಿನ ದೋಣಿ ಹೋಗ್ಲಿಕ್ಕುಂಟು ಮಾರಾಯ" ಎಂದ, ಎರಡು ಸಲವೂ. ಅವನು ಒಮ್ಮೆ ನಾನು ಹಾಕಿದ ಮಣೆಯ ಮೇಲೆ ಬಂದು ಕೂರಬೇಕು ಎನ್ನುವುದು ನನ್ನ ಮನಸ್ಸಿನಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. ಮೀನು ತಿನ್ನದವನಿಗೂ ಈ ಉಪಮೆ ಅರ್ಥವಾಗುತ್ತದೆ.

ಇರಲಿ. ಈಗ ನೀಲಿ ಹಲಗೆಗೆ ಬರುತ್ತೇನೆ.

ಐವತ್ತು ತುಂಬಿದ ಗಂಡಸರಿಗೆ ಒಂದು ರೋಗ ಬರುತ್ತದೆ. ಕೆಲವರು ಸೈಕಲ್ ಕೊಳ್ಳುತ್ತಾರೆ, ಕೆಲವರು ಕ್ಯಾಮೆರಾ. ನನ್ನ ಷಡ್ಡಕ ಶ್ರೀಪತಿ ಎರಡನ್ನೂ ಕೊಂಡ ಮೇಲೆ ಇನ್ನೂ ರೋಗ ಇಳಿಯದೆ ಗಾಳಿಪಟ ಮತ್ತು ಹಲಗೆ ತರಿಸಿದ. ಅವನ ವಾಸ ಮಣಿಪಾಲದ ಒಂಬತ್ತನೇ ಮಹಡಿಯಲ್ಲಿ. ಬಾಲ್ಕನಿಯಿಂದ ಸಮುದ್ರ ಒಂದು ಗೆರೆಯಾಗಿ ಕಾಣುತ್ತದೆ. ಆ ಗೆರೆಯನ್ನು ನೋಡಿಕೊಂಡು ಅವನು ಗಾಳಿಯ ವೇಗ ಹೇಳುತ್ತಾನೆ. ಅವನ ಹಲಗೆಯ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ.

ಒಂದು ಭಾನುವಾರ ಅವನ ಮನೆಯಲ್ಲಿ ಊಟ ಮಾಡಿ ಏಳುವಾಗ, ಮೊಸರನ್ನದ ಅಮಲಿನಲ್ಲಿ ನಾನೂ ಹೇಳಿಬಿಟ್ಟೆ: ಈ ಮಳೆಗಾಲ ಹಿಡಿಯುವ ಮೊದಲು ಕಾಪುವಿನ ಸಮುದ್ರದ ಮೇಲೆ ಒಮ್ಮೆಯಾದರೂ ನೆಟ್ಟಗೆ ನಿಲ್ಲುತ್ತೇನೆ. ನನ್ನ ಹೆಂಡತಿ ಬಟ್ಟಲು ಒರೆಸುತ್ತಾ, "ಇಪ್ಪತ್ತೈದು ವರ್ಷ ಬೋರ್ಡಿನ ಎದುರು ನಿಂತದ್ದು ಸಾಕಾಗ್ಲಿಲ್ವಾ, ಇನ್ನು ಮೇಲೆ ಹತ್ತಿ ನಿಲ್ಬೇಕಾ?" ಎಂದಳು.

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವನು. ತೊಲೆಯ ಮೇಲೆ ಭಾರ ಬಿದ್ದರೆ ಅದು ಎಷ್ಟು ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎನ್ನುವುದು ನನ್ನ ವಿಷಯ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ. ನಾನಂತೂ ಕೊನೆಗೆ ಮರೆತಿದ್ದೆ.

"ಭಾವ, ಬೋರ್ಡ್ ಆರಿಸುವ ಮೊದಲು ನಿಮ್ಮ ರೈಡಿಂಗ್ ಸ್ಟೈಲ್ ಎಂತ ಅಂತ ಗೊತ್ತಾಗ್ಬೇಕು" ಎಂದ ಶ್ರೀಪತಿ.

"ಪಡುಬಿದ್ರಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗುವುದು."

"ತಮಾಷೆ ಅಲ್ಲ ಭಾವ. ಅಲೆಗೆ ಬೇರೆ, ಹಾರ್ಲಿಕ್ಕೆ ಬೇರೆ, ಸುಮ್ಮನೆ ಓಡ್ಲಿಕ್ಕೆ ಬೇರೆ. ನಿಮಗೆ ಆಲ್‌ರೌಂಡ್ ಒಳ್ಳೆದು. ಒಂದೇ ಬೋರ್ಡ್, ಎಲ್ಲದಕ್ಕೂ ಆಗ್ತದೆ."

ಆಲ್‌ರೌಂಡ್ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕಾಲೇಜಿಗೆ ಅತಿಥಿಗಳು ಬಂದಾಗ ನನ್ನನ್ನು ಪರಿಚಯಿಸುವುದೇ ಹಾಗೆ: ಇವರು ನಮ್ಮ ಆಲ್‌ರೌಂಡರ್. ಅಂದರೆ ಹಾಸ್ಟೆಲ್ ಸಾಂಬಾರಿನಲ್ಲಿ ಹುಳ ಸಿಕ್ಕಿದರೆ ವಿಚಾರಿಸುವವರು ಇವರು, ಹಾರದ ಅಂಗಡಿಗೆ ಫೋನ್ ಮಾಡುವವರು ಇವರು, ನವೆಂಬರ್ ಬಂದರೆ ಕನ್ನಡದ ಬಗ್ಗೆ ಹತ್ತು ನಿಮಿಷ ಕಣ್ಣೀರು ಹಾಕುವವರೂ ಇವರೇ. ಇಲ್ಲ ಎನ್ನಲು ಬಾರದವನಿಗೆ ಕೊಡುವ ಬಿರುದು ಅದು. ಯಕ್ಷಗಾನದಲ್ಲಿಯೂ ತೆಂಕು ಬಡಗು ಎರಡೂ ತಿಟ್ಟಿಗೆ ಸೈ ಎನಿಸಿಕೊಂಡ ಒಬ್ಬರನ್ನು ಬಲ್ಲೆ. ತೆಂಕಿನವರು ಅವರನ್ನು ಒಳ್ಳೆಯ ಬಡಗಿನ ವೇಷಧಾರಿ ಎನ್ನುತ್ತಾರೆ. ಬಡಗಿನವರು ಒಳ್ಳೆಯ ತೆಂಕಿನ ವೇಷಧಾರಿ ಎನ್ನುತ್ತಾರೆ.

ಆದರೂ ಮೂರು ತಿಂಗಳು ಹಲಗೆಯ ಬಗ್ಗೆಯೇ ಓದಿದೆ. ತುದಿಯ ಬಾಗು ಹೆಚ್ಚಿದ್ದರೆ ಅಲೆಯಲ್ಲಿ ಮೆತ್ತಗೆ ಹೋಗುತ್ತದೆ, ಕಡಿಮೆ ಇದ್ದರೆ ಬೇಗ ಓಡುತ್ತದೆ. ಅಗಲ ಇದ್ದರೆ ಸಣ್ಣ ಗಾಳಿಗೂ ಏಳುತ್ತದೆ, ಇಲ್ಲದಿದ್ದರೆ ಹಿಡಿತ ಚೆನ್ನ. ಮೆದು ಹಲಗೆ ಮೊಣಕಾಲಿಗೆ ಸುಖ, ಗಡಸು ಹಲಗೆ ಹಾರುವವರಿಗೆ. ಆಲ್‌ರೌಂಡ್ ಎಂದರೆ ಎಲ್ಲವೂ ಸ್ವಲ್ಪ ಸ್ವಲ್ಪ, ಯಾವುದೂ ಪೂರ್ತಿ ಇಲ್ಲ, ನನ್ನ ಹಾಗೆಯೇ. ಪರೀಕ್ಷೆ ಇದ್ದಿದ್ದರೆ ನಾನು ರ್‍ಯಾಂಕ್ ಬರುತ್ತಿದ್ದೆ. ಈಜನ್ನು ಮಣಿಪಾಲದ ಕೊಳದಲ್ಲಿ ಎರಡನೇ ತರಗತಿಯ ಮಕ್ಕಳೊಂದಿಗೆ ಕಲಿತಿದ್ದೆ. ಅವರು ನನಗಿಂತ ಮೊದಲು ಪಾಸಾಗಿ ಹೋದರು.

ಇಷ್ಟೆಲ್ಲ ಓದುವ ಬದಲು ಪ್ರತೀಕ್ಷಾಳನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಪ್ರತೀಕ್ಷಾ ಸುಧಾಕರನ ಮಗಳು. ಹೆಜಮಾಡಿಯ ಕಡೆ ಯಾರೋ ಹೊರಗಿನವರು ಶಿಬಿರ ಮಾಡಿದಾಗ ಈ ವಿದ್ಯೆ ಕಲಿತು, ಈಗ ಕಾಪುವಿನಲ್ಲಿ ಅಪ್ಪನ ದೋಣಿಯ ಶೆಡ್ಡಿನಲ್ಲಿ ತಾನೇ ಕಲಿಸುತ್ತಾಳೆ. ಜನವರಿಯಿಂದ ನಾನು ಮರಳಿನ ಮೇಲೆ ನಿಂತು ಗಾಳಿಪಟ ಹಿಡಿಯಲು ಕಲಿಯುತ್ತಿದ್ದದ್ದು ಅವಳಿಂದಲೇ. ಆದರೆ ಅವಳು ನನ್ನ ಹಳೆಯ ವಿದ್ಯಾರ್ಥಿನಿ. ತೊಲೆ ಬಾಗುವ ವಿಷಯದಲ್ಲಿ ಅವಳನ್ನು ನಾನು ಕಷ್ಟಪಟ್ಟು ಪಾಸು ಮಾಡಿಸಿದ್ದೆ. ಅಂಥವಳ ಹತ್ತಿರ ಹೋಗಿ ಹಲಗೆ ಹೇಗೆ ಬಾಗಬೇಕು ಎಂದು ಕೇಳುವುದೇ? ಮೇಷ್ಟ್ರ ಅಹಂಕಾರಕ್ಕೆ ಯಾವ ನಿವೃತ್ತಿ ವಯಸ್ಸೂ ಇಲ್ಲ.

ಹಾಗಾಗಿ ಶ್ರೀಪತಿಯ ಜೊತೆ ಮಣಿಪಾಲದಲ್ಲಿ ಇಂಥ ಸಾಮಾನು ತರಿಸಿ ಕೊಡುವ ಅಂಗಡಿಗೆ ಹೋದೆ. ಅಂಗಡಿಯವನು ನೀಲಿ ಹಲಗೆಯನ್ನು ಮಗುವಿನ ಹಾಗೆ ಎತ್ತಿ ತೋರಿಸಿದ.

"ಇದು ಟ್ವಿನ್ ಟಿಪ್ ಸರ್. ಹಿಂದೆ ಮುಂದೆ ಅಂತ ಇಲ್ಲ. ಯಾವ ಕಡೆಗೂ ಹೋಗ್ತದೆ."

"ತಲೆಬುಡ ಇಲ್ಲ?"

"ಇಲ್ಲ ಸರ್" ಎಂದ, ಬಹಳ ಹೆಮ್ಮೆಯಿಂದ.

ಒಳಗೆ ಮರ ಉಂಟಂತೆ. ಹಲಸಾ ಎಂದು ಕೇಳಿದೆ. ಶ್ರೀಪತಿ ನನ್ನ ಕಾಲು ತುಳಿದ. ಎಷ್ಟು ಬಾಗುತ್ತದೆ ಎಂದು ಕೇಳಿದೆ. "ಮೀಡಿಯಂ ಸರ್" ಎಂದ. ನನ್ನ ಪರೀಕ್ಷೆಯಲ್ಲಿ ಹೀಗೆ ಬರೆದವರಿಗೆ ನಾನು ಸೊನ್ನೆ ಕೊಟ್ಟಿದ್ದೇನೆ. ಕೊನೆಗೆ ಅವನು ಅಳತೆಯ ಪಟ್ಟಿ ತೆಗೆದ. ಉಳಿದದ್ದೆಲ್ಲ ಹೇಗಿದ್ದರೂ ನಡೆಯುತ್ತದೆ, ಹಲಗೆಯ ಉದ್ದ ಅಗಲ ಮಾತ್ರ ನಿಲ್ಲುವವನ ತೂಕಕ್ಕೆ ಸರಿಯಾಗಿರಬೇಕು ಎಂದ. "ನಿಮ್ಮ ತೂಕ ಎಷ್ಟು ಸರ್?"

ಪಕ್ಕದಲ್ಲಿ ಶ್ರೀಪತಿ. ಎದುರಿಗೆ ಆಳೆತ್ತರದ ಕನ್ನಡಿ. ನಾನು ಉಸಿರು ಒಳಗೆಳೆದುಕೊಂಡು, "ಎಪ್ಪತ್ತು" ಎಂದೆ. ನಿಜವಾದ ತೂಕಕ್ಕೆ ಅದರ ಮೇಲೆ ಇನ್ನೂ ಹದಿನಾರು ಸೇರಿಸಬೇಕು. ಮೂರು ತಿಂಗಳ ಓದು ಆ ಒಂದು ಉಸಿರಿನಲ್ಲಿ ನೀರುಪಾಲಾಯಿತು. ಅಜ್ಜಿಯಾಗಿದ್ದರೆ ಬಾಯಿ ಕೇಳುತ್ತಿರಲಿಲ್ಲ, ಸೊಂಟ ನೋಡುತ್ತಿದ್ದಳು.

ಹಲಗೆಯನ್ನು ಎತ್ತಿಕೊಂಡು ಮರುವಾರ ಬಸ್ಸಿನಲ್ಲಿ ಕಾಪುವಿಗೆ ಹೊರಟೆ. "ಹಿಂದೆ ಹೋಗಿ, ಹಿಂದೆ ಹೋಗಿ, ಬಾಗಿಲು ಹಿಡ್ಕೊಂಡವರು ಹಿಂದೆ ಹೋಗಿ" ಎಂದು ಕಂಡಕ್ಟರ್ ನನ್ನನ್ನೂ ಹಲಗೆಯನ್ನೂ ಸೇರಿಸಿ ಕೂಗಿದ. ಕುಳಿತಿದ್ದ ಒಬ್ಬ ಹೆಂಗಸು ಅದರ ಮೇಲೆ ತನ್ನ ಬಸಳೆಯ ಕಟ್ಟು ಇಟ್ಟಳು. ಆಲ್‌ರೌಂಡ್ ಗುಣ ಆಗಲೇ ಕಾಣತೊಡಗಿತ್ತು.

ಕಡಲತೀರದಲ್ಲಿ ಸುಧಾಕರ ದೋಣಿಯ ನೆರಳಿನಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದ. ನಮ್ಮಿಬ್ಬರ ಮಾತು ತುಳುವಿನಲ್ಲಿ ನಡೆಯುವುದು. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ನನ್ನನ್ನು ಕಂಡವನೇ ಪಕ್ಕದ ಮರಳನ್ನು ಅಂಗೈಯಲ್ಲಿ ತಟ್ಟಿದ. "ಬನ್ನಿ ಭಟ್ರೇ. ಇಲ್ಲಿ ಕೂತ್ಕೊಳ್ಳಿ. ಗಾಳಿ ಚೆನ್ನಾಗಿ ಬರ್ತದೆ."

ಶಾಲೆಯಿಂದ ಏಕವಚನದಲ್ಲಿ ಮಾತಾಡುವವನು ಈ ಒಂದು ವಾಕ್ಯಕ್ಕೆ ಮಾತ್ರ ಬಹುವಚನ ಹಾಕುತ್ತಾನೆ. ಜನವರಿಯಿಂದ ಪ್ರತಿ ವಾರವೂ ಇದೇ ಸ್ವಾಗತ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ನಾನು ಮರಳಿನ ಮೇಲೆ ಕೂರುತ್ತೇನೆ. ಗಾಳಿ ಚೆನ್ನಾಗಿಯೇ ಬರುತ್ತದೆ.

ಪ್ರತೀಕ್ಷಾ ಹಲಗೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಚೆಂದ ಉಂಟು ಸರ್. ಯಾರಿಗೆ?"

"ನನಗೆ."

ಅವಳು ಹಲಗೆಯನ್ನು ಮಗುಚಿ ಮಗುಚಿ ನೋಡಿದಳು. ನನ್ನ ಉತ್ತರಪತ್ರಿಕೆ ಹಿಡಿದುಕೊಂಡು ಎಲ್ಲಾದರೂ ಒಂದು ಅಂಕ ಕೊಡಬಹುದಾ ಎಂದು ಹುಡುಕುತ್ತಿದ್ದ ಹಾಗಿತ್ತು. "ಇದು ನನ್ನ ಅಳತೆದು ಸರ್. ನಿಮಗೆ ಮುಳುಗ್ತದೆ."

"ಆಲ್‌ರೌಂಡ್ ಅಂದಿದ್ದಾನೆ ಅಂಗಡಿಯವ."

"ಮುಳುಗ್ಲಿಕ್ಕೂ ಆಗ್ತದೆ ಅಂತ ಇರ್ಬೇಕು" ಎಂದ ಸುಧಾಕರ, ಬಲೆಯಿಂದ ಕಣ್ಣೆತ್ತದೆ.

ನಾನು ಹಟ ಹಿಡಿದೆ. ಮುಂದಿನ ಐದು ವಾರ ಏನಾಯಿತೆಂದು ವಿವರವಾಗಿ ಹೇಳುವುದಿಲ್ಲ. ಮುಳುಗಿದೆ ಎಂಬ ಒಂದೇ ಕ್ರಿಯಾಪದವನ್ನು ಎಷ್ಟು ಬಗೆಯಲ್ಲಿ ಬರೆಯುವುದು? ಗಾಳಿಪಟ ಎಳೆಯುತ್ತಿತ್ತು, ಹಲಗೆ ಕೆಳಗಿಳಿಯುತ್ತಿತ್ತು, ನಾನು ನಡುವೆ ಇರುತ್ತಿದ್ದೆ. ಕಟಪಾಡಿಯಿಂದ ಬಂದ ಒಂದು ಸಂಸಾರ ಚರುಮುರಿ ತಿನ್ನುತ್ತಾ ಪೂರ್ತಿ ನೋಡಿ, ಹೊರಡುವಾಗ ನನಗೆ ಕೈಬೀಸಿ ಹೋಯಿತು. ಸುಧಾಕರ ಒಮ್ಮೆ ನನ್ನ ರಟ್ಟೆ ಹಿಡಿದು ದಡಕ್ಕೆ ಎಳೆದು ಹಾಕಿ ಹೇಳಿದ: "ನಿಮ್ಮವರು ಸಮುದ್ರಕ್ಕೆ ಬರುದು ಬೂದಿ ಬಿಡ್ಲಿಕ್ಕೆ. ನೀನು ಬೂದಿ ಆಗುವ ಮೊದಲೇ ಬಂದಿದ್ದಿ, ಅಷ್ಟೇ ವ್ಯತ್ಯಾಸ."

ಮೇ ತಿಂಗಳ ನಡು ಬಂತು. ಇನ್ನು ಒಂದು ವಾರಕ್ಕೆ ಅಲೆ ಎದ್ದು ನೀರಿಗಿಳಿಯುವುದು ನಿಲ್ಲುತ್ತದೆ ಎಂದಾಗ ಪ್ರತೀಕ್ಷಾ ಶೆಡ್ಡಿನಿಂದ ಬಣ್ಣ ಹೋದ, ಅಂಚು ತಿಂದುಹೋದ, ಉದ್ದಗಲ ಎರಡೂ ದೊಡ್ಡದಾದ ಒಂದು ಹಳೆಯ ಹಲಗೆ ತಂದಳು. "ನಾವು ಇದಕ್ಕೆ ಬಾಗಿಲು ಅಂತ ಹೇಳುದು ಸರ್. ಸಣ್ಣ ಗಾಳಿಗೆ, ದೊಡ್ಡವರಿಗೆ." ದೊಡ್ಡವರು ಎಂಬ ಮಾತನ್ನು ಅವಳು ಮರ್ಯಾದೆಗೆ ಬಳಸಿದಳೆಂದು ಇಂದಿಗೂ ನಂಬಿದ್ದೇನೆ.

ಬಾಗಿಲಿಗೆ ಪಾದ ಸಿಕ್ಕಿಸಿ, ದಡಕ್ಕೆ ಮುಖ ಮಾಡಿ ನೀರಿನಲ್ಲಿ ಕೂತೆ. ದಡದಿಂದ ಪ್ರತೀಕ್ಷಾ ಕೂಗುತ್ತಿದ್ದಳು, "ಬಲಕ್ಕೆ ಸರ್, ಬಲಕ್ಕೆ." ನಾನು ಎಡಕ್ಕೆ ಎಳೆದೆ. ಎಡ ಬಲ ನನಗೆ ಮೊದಲಿನಿಂದಲೂ ಕಷ್ಟ. ಅಜ್ಜಿಯ ಮನೆಯಲ್ಲಿ ಪಾಯಸ ಬಡಿಸುವಾಗ ಕೂಡ ತೆಂಕು ಸಾಲಿಗೆ, ಬಡಗು ಸಾಲಿಗೆ ಎಂದೇ ಹೇಳುತ್ತಿದ್ದದ್ದು. ಮುಖದ ಮೇಲೆ ಒಂದು ಅಲೆ ಬಡಿಯಿತು. ಆಗ ಸುಧಾಕರನ ಸ್ವರ ಕೇಳಿತು, ದೋಣಿಯವರಿಗೆ ದೋಣಿಯವರು ಕೂಗುವ ಸ್ವರ:

"ತೆಂಕಿಗೆ ಇಳಿಸು ಮಾರಾಯ. ತೆಂಕಿಗೆ."

ಕೈ ತಾನಾಗಿ ತೆಂಕಿಗೆ ಹೋಯಿತು. ಗಾಳಿಪಟ ಆ ಕಡೆ ಬಾಗಿ ಇಳಿಯಿತು. ಸೊಂಟ ಹಿಡಿದು ಯಾರೋ ಎಬ್ಬಿಸಿ ನಿಲ್ಲಿಸಿದ ಹಾಗಾಯಿತು. ಕೆಳಗೆ ಬಾಗಿಲು ಚಟಪಟ ಸದ್ದು ಮಾಡುತ್ತಾ ಓಡುತ್ತಿತ್ತು, ನಾನು ಅದರ ಮೇಲೆ ನಿಂತಿದ್ದೆ. ಐವತ್ತೊಂದು ವರ್ಷ ಬದಿಯಲ್ಲಿ ನಿಂತು ಪಾದ ನೆನೆಸಿ ಬಂದ ಸಮುದ್ರದ ಮೇಲೆ, ಹತ್ತು ಎಣಿಸುವಷ್ಟು ಹೊತ್ತು. ಹನ್ನೊಂದಕ್ಕೆ ಬಿದ್ದೆ.

ದಡಕ್ಕೆ ಬಂದೆ. ಸುಧಾಕರ ಹತ್ತಿರದ ಗೂಡಂಗಡಿಯಿಂದ ಎರಡು ಲೋಟ ಚಹಾ ಹಿಡಿದು ಬಂದ. ಎಂದಿನ ಹಾಗೆ ದೋಣಿಯ ನೆರಳಿನಲ್ಲಿ ಮರಳಿನ ಮೇಲೆ ಕೂರಲು ಬಾಗಿದ.

"ನಿಲ್ಲು" ಎಂದೆ.

ದೋಣಿ ಉರುಳಿಸುವ ಎರಡು ಮರದ ದಿಮ್ಮಿ ಅಲ್ಲೇ ಬಿದ್ದಿದ್ದವು. ಯಾರೂ ನಿಲ್ಲದ ನನ್ನ ನೀಲಿ ಹಲಗೆಯನ್ನು ತಂದು, ಪಟ್ಟಿ ಮಡಚಿ, ಮರಳು ಒರೆಸಿ, ದಿಮ್ಮಿಗಳ ಮೇಲೆ ಅಡ್ಡ ಇಟ್ಟೆ. "ಕೂತ್ಕೋ" ಎಂದೆ.

ಸುಧಾಕರ ಲೋಟ ಹಿಡಿದುಕೊಂಡು ನಿಂತೇ ಇದ್ದ. ಹಲಗೆಯನ್ನು ನೋಡಿದ. ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನೋಡಿದ.

"ಇದರ ತಲೆ ಯಾವ ಕಡೆ?"

ಆ ದೋಸೆಯ ದಿನವನ್ನು ಅವನು ಮರೆತಿರಬಹುದು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ.

"ಇದಕ್ಕೆ ತಲೆಬುಡ ಇಲ್ಲ" ಎಂದೆ. "ಅಂಗಡಿಯವನೇ ಹೇಳಿದ್ದಾನೆ."

"ನಿನಗೂ ಇಲ್ಲ" ಎಂದ ಅವನು. ಥೇಟ್ ಅಜ್ಜಿಯ ಸ್ವರದಲ್ಲಿ. ಕೂತ. ಹಲಗೆ ತುಸು ಬಾಗಿತು, ಆದರೆ ತಡೆಯಿತು. ಪಕ್ಕಕ್ಕೆ ಸರಿದು ಜಾಗ ಬಿಟ್ಟ. "ನೀನೂ ಕೂತ್ಕೋ ಇನ್ನು."

ನಾನು ಅವನ ಪಕ್ಕದಲ್ಲಿ, ಸರಿಯಾಗಿ ನಡುವೆ ಕೂತೆ.

ದೂರದಲ್ಲಿ ಗಾಳಿಪಟ ಮಡಚುತ್ತಿದ್ದ ಪ್ರತೀಕ್ಷಾ ಓಡಿ ಬಂದಳು. "ಸರ್, ನಡುವೆ ಕೂರ್ಬೇಡಿ. ಎರಡು ತುದಿಗೆ ಆಧಾರ, ನಡುವೆ ಭಾರ. ನೀವೇ ಹೇಳಿಕೊಟ್ಟದ್ದಲ್ವಾ ಸರ್. ಈಗ ಮುರೀತದೆ ಅದು. ಅಪ್ಪ, ಏಳಿ."

ಸುಧಾಕರ ಏಳಲಿಲ್ಲ. ಚಹಾ ಒಂದು ಗುಟುಕು ಕುಡಿದ.

"ನಿನ್ನ ಸರ್ ಒಂದು ಮಣೆ ಹಾಕ್ಲಿಕ್ಕೆ ನಲವತ್ತು ವರ್ಷ ತೆಗೊಂಡಿದ್ದಾನೆ ಮಗಾ" ಎಂದ. "ಮುರಿಯುವವರೆಗಾದರೂ ಕೂತ್ಕೊಳ್ತೇನೆ."

ನಮ್ಮ ಚಹಾ ಮುಗಿಯುವ ಹೊತ್ತಿಗೆ ಹಲಗೆ ಟಕ್ ಎಂದಿತು.